ನೆರಳು ಹಿಡಿದು ಉಲ್ಕೆ ಹುಡುಕಿದ್ದು: ಕಾರವಾರದ ಆಕಾಶದ ಒಂದು ಪ್ರಕರಣ

ಅಡಿಕೆ ಕೊಯ್ಲಿನ ದಿನಗಳು, ಅಮಾವಾಸ್ಯೆ ಹತ್ತಿರ ಬಂದಿತ್ತು. ಸಂಜೆ ಏಳು ಗಂಟೆ ದಾಟಿ ಸ್ವಲ್ಪ ಹೊತ್ತಾಗಿತ್ತು. ಕಾರವಾರದ ಮನೆಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. ಕಿಟಕಿಯ ಪರದೆ ಒಮ್ಮೆ ಬೆಳ್ಳಗಾಯಿತು. ಮಿಂಚು ಅಂದುಕೊಂಡೆ. ಜನವರಿಯಲ್ಲಿ ಎಂಥ ಮಿಂಚು ಅಂತ ಹೊಳೆಯುವಷ್ಟರಲ್ಲಿ ಬೆಳಕು ಹೋಗಿತ್ತು. ಎರಡೂವರೆ ನಿಮಿಷ ಕಳೆದಿರಬೇಕು, ದೂರದಲ್ಲಿ ಯಾರೋ ದೊಡ್ಡ ಬಾಗಿಲು ಹಾಕಿದ ಹಾಗೆ ಸದ್ದು ಬಂತು. ಹಿತ್ತಲಿನ ತಗಡಿನ ಶೀಟು ಗಡಗಡ ಅಂತು.

ಆಮೇಲೆ ಫೋನುಗಳು ಶುರುವಾದವು. ವಾಟ್ಸಾಪಿನಲ್ಲಿ ಒಬ್ಬರು "ಕೈಗಾದಲ್ಲಿ ಏನೋ ಆಗಿದೆ" ಎಂದರು. ಇನ್ನೊಬ್ಬರು "ನೇವಿಯವರು ಮಿಸೈಲ್ ಬಿಟ್ಟಿದ್ದಾರೆ" ಎಂದರು. ಅಣುಸ್ಥಾವರ ಒಂದು ಕಡೆ, ನೌಕಾನೆಲೆ ಇನ್ನೊಂದು ಕಡೆ ಇಟ್ಟುಕೊಂಡು ಬದುಕುವ ಊರು ನಮ್ಮದು. ಆಕಾಶದಲ್ಲಿ ಬೆಳಕು ಕಂಡು ಸದ್ದು ಕೇಳಿದರೆ ಜನ ಹೆದರುವುದರಲ್ಲಿ ತಪ್ಪೇನಿಲ್ಲ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಊರು ಬಿಡೋಣವಾ ಅಂತ ಒಬ್ಬ ತಾಯಿ ನನಗೇ ಫೋನ್ ಮಾಡಿ ಕೇಳಿದರು. ಉಲ್ಕೆ ಇರಬೇಕು, ಹೆದರಬೇಡಿ ಅಂದೆ. "ಅದು ಉಲ್ಕೇನೇ ಅಂತ ನಿಮಗೆ ಹೇಗೆ ಗೊತ್ತು ಮಾಸ್ತರ್ರೇ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಒಂದು ಪ್ರಶ್ನೆಗೆ ಮೂರು ತಿಂಗಳು ಹುಡುಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಣ್ಣಿನ ಸಾಕ್ಷಿ ಎಷ್ಟು ನಂಬಬಹುದು

ಮಾರನೇ ದಿನ ಬೈತಖೋಲ ಬಂದರಿಗೆ ಹೋದೆ. ಬೋಟಿನವರು ಎಲ್ಲರೂ ನೋಡಿದ್ದರು. "ದೇವಗಡದ ಹಿಂದೇನೇ ಬಿದ್ದದ್ದು ಮಾಸ್ತರ್ರೇ, ನಾನೇ ಕಣ್ಣಾರೆ ಕಂಡೆ" ಎಂದರು ಒಬ್ಬರು. ಬೇಲೆಕೇರಿಯವರೊಬ್ಬರು ತಮ್ಮೂರಿನ ಎದುರಿಗೇ ಬಿತ್ತು ಎಂದರು. ಮಾಜಾಳಿಯ ಹುಡುಗನ ಪ್ರಕಾರ ಅದು ಗೋವಾ ಗಡಿಯಲ್ಲಿ ನೀರಿಗೆ ಇಳಿಯಿತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. 80 ಕಿ.ಮೀ. ಎತ್ತರದಲ್ಲಿ ಹೊತ್ತಿಕೊಂಡ ಉಲ್ಕೆ ಲೆಕ್ಕದ ಪ್ರಕಾರ 1,000 ಕಿ.ಮೀ. ದೂರದವರೆಗೂ ಕಾಣುತ್ತದೆ. ಅಷ್ಟು ದೂರದ ಬೆಳಕಿಗೆ ನಮ್ಮ ಕಣ್ಣು ದೂರ ಅಳೆಯಲಾರದು. ಎದುರಿಗೆ ಯಾವ ಗುಡ್ಡ, ಯಾವ ನಡುಗಡ್ಡೆ ಇದೆಯೋ ಅದರ ಹಿಂದೆ ಬಿತ್ತು ಅನಿಸಿಬಿಡುತ್ತದೆ.

ಹಾಗಾಗಿ ಮೇಲಿನಿಂದ ನೋಡಿದ ಕಣ್ಣು ಬೇಕು ಅಂದುಕೊಂಡೆ. ಇಷ್ಟೊಂದು ಉಪಗ್ರಹಗಳಿವೆ, ಯಾವುದಾದರೂ ಒಂದು ನೋಡಿರಲೇಬೇಕು ಅಲ್ವಾ? ಮೊದಲು ಕೈ ಹಾಕಿದ್ದು ನಾಸಾದವರು ಎಲ್ಲರಿಗೂ ತೆರೆದಿಟ್ಟಿರುವ ಬೆಂಕಿಯುಂಡೆಗಳ ಪಟ್ಟಿಗೆ. ಅಮೆರಿಕ ಸರ್ಕಾರದ ಉಪಗ್ರಹಗಳು ಕಂಡ ದೊಡ್ಡ ಉಲ್ಕೆಗಳ ಪಟ್ಟಿ ಅದು. 1988ರಿಂದ ಈಚಿನವು ಅದರಲ್ಲಿವೆ. ಕ್ಷಿಪಣಿ ಹಾರಿದ್ದನ್ನು, ಅಣುಬಾಂಬ್ ಸಿಡಿದದ್ದನ್ನು ಪತ್ತೆ ಮಾಡಲು ಕಟ್ಟಿದ ಕಣ್ಣುಗಳು ಉಲ್ಕೆಯನ್ನೂ ಹಿಡಿಯುತ್ತವೆ. ಹೆಚ್ಚಿನ ಸಾಲುಗಳಲ್ಲಿ ಹೊತ್ತು, ಅಕ್ಷಾಂಶ, ರೇಖಾಂಶ, ಹೊರಬಿದ್ದ ಬೆಳಕಿನ ಶಕ್ತಿ ಇರುತ್ತದೆ. ಎತ್ತರ, ವೇಗ ಕೆಲವಕ್ಕೆ ಮಾತ್ರ ಇರುತ್ತದೆ, ಹಲವು ಕಡೆ ಖಾಲಿ.

ನಮ್ಮ ಸಂಜೆಯ ಸಾಲು ಅಲ್ಲಿರಲಿಲ್ಲ. ಎರಡು ವಾರ ಬಿಟ್ಟು ನೋಡಿದೆ. ಎರಡು ತಿಂಗಳು ಬಿಟ್ಟು ನೋಡಿದೆ. ಇಲ್ಲ.

ಪಟ್ಟಿ ತಡವಾಗುವುದು ಹೊಸದಲ್ಲ. 2018ರ ಡಿಸೆಂಬರ್ 18ರಂದು ಬೇರಿಂಗ್ ಸಮುದ್ರದ ಮೇಲೆ 173 ಕಿಲೋಟನ್, ಅಂದರೆ 1,73,000 ಟನ್ ಟಿಎನ್‌ಟಿ ಸಿಡಿಮದ್ದಿಗೆ ಸಮನಾದ ಶಕ್ತಿಯ ಉಲ್ಕೆ ಸಿಡಿಯಿತು. ಅದು ಹೊರಗಿನ ಜನಕ್ಕೆ ಗೊತ್ತಾದದ್ದು 2019ರ ಮಾರ್ಚಿನಲ್ಲಿ. ಆಮೇಲೆ ಹುಡುಕಿದರೆ ಜಪಾನಿನ ಹಿಮಾವರಿ-8, ನಾಸಾದ ಟೆರಾ ಎರಡೂ ಉಪಗ್ರಹಗಳ ಚಿತ್ರದಲ್ಲೂ ಅದರ ಹೊಗೆಯ ಗೆರೆ ಇತ್ತು. ಚಿತ್ರ ಮೊದಲೇ ಇತ್ತು, ಎಲ್ಲಿ ನೋಡಬೇಕು ಅಂತ ಗೊತ್ತಿರಲಿಲ್ಲ ಅಷ್ಟೆ. ಹಾಗಾದರೆ ನಮ್ಮದೂ ಎಲ್ಲೋ ಇರಬಹುದು. ಆದರೆ ಹುಡುಕಲು ಎರಡು ಸಂಗತಿ ಖಚಿತವಾಗಿ ಬೇಕಿತ್ತು: ಎಷ್ಟು ಹೊತ್ತಿಗೆ, ಎಲ್ಲಿ.

ಎರಡು ಅಂಗಳ, ಎರಡು ಕಂಬ

ಅಕ್ಕನ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿದೆ. ಮನೆ ಗುಡ್ಡದ ಇಳಿಜಾರಿನಲ್ಲಿದೆ, ತೋಟ ಕೆಳಗಿದೆ. ಹಾಗಾಗಿ ಅಂಗಳಕ್ಕೆ ಪಡುವಣ ಪೂರ್ತಿ ತೆರೆದಿದೆ. ಅಡಿಕೆ ಕಳ್ಳರ ಕಾಟಕ್ಕೆ ಭಾವ ಎರಡು ವರ್ಷದ ಹಿಂದೆ ಸಿಸಿ ಕ್ಯಾಮೆರಾ ಹಾಕಿಸಿದ್ದರು. "ತಮಾ, ಅಂಗಳ ಹಗಲಾದ ಹಂಗೆ ಆತಲಾ!" ಅಂತ ಅವತ್ತು ರಾತ್ರಿಯೇ ಫೋನ್ ಮಾಡಿದ್ದರು. ಸದ್ದು ಕೇಳಿತಾ ಅಂತ ಕೇಳಿದೆ. ಇಲ್ಲ ಅಂದರು.

ಕ್ಯಾಮೆರಾದಲ್ಲಿ ಉಲ್ಕೆ ಕಾಣಲಿಲ್ಲ, ಅದು ನೆಲಕ್ಕೆ ಮುಖ ಮಾಡಿದೆ. ಕಂಡದ್ದು ನೆರಳು. ಅಡಿಕೆ ಒಣಗಿಸುವ ಅಟ್ಟದ ಮೂಲೆಯ ಕಂಬದ ನೆರಳು ನೆಲದ ಮೇಲೆ ಹುಟ್ಟಿತು, ಉದ್ದವಾಗುತ್ತಾ ಒಂದು ಪಕ್ಕಕ್ಕೆ ತಿರುಗಿತು, ಮಾಯವಾಯಿತು. ಒಟ್ಟು ನಾಲ್ಕು ಸೆಕೆಂಡು. ಆ ತುಣುಕನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಗಡಿಯಾರದ ಮುಳ್ಳು ಓಡಿದ ಹಾಗೆ ಇತ್ತು.

ನೆರಳು ಇದ್ದರೆ ಸಾಕು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಉಲ್ಕೆ ಸಿಡಿದಾಗ ಊರಿನ ಚೌಕದ ಕಂಬಗಳ ನೆರಳು ಓಡಿದ್ದನ್ನು ಕ್ಯಾಮೆರಾಗಳು ಹಿಡಿದಿದ್ದವು. ಆ ನೆರಳಿನಿಂದಲೇ ಅದರ ದಾರಿಯನ್ನು ಹವ್ಯಾಸಿಗಳು ಮೊದಲು ಲೆಕ್ಕ ಹಾಕಿದ್ದು. ಕಂಬದ ಎತ್ತರ ಮತ್ತು ನೆರಳಿನ ಉದ್ದ ಗೊತ್ತಾದರೆ ಬೆಳಕು ಎಷ್ಟು ಮೇಲಿತ್ತು ಅಂತ ಸಿಗುತ್ತದೆ. ನೆರಳು ಬಿದ್ದ ದಿಕ್ಕಿನ ಎದುರು ದಿಕ್ಕು ಬೆಳಕಿನ ದಿಕ್ಕು. ಹೈಸ್ಕೂಲಿನ ಗಣಿತ.

ಗಣಿತ ಸುಲಭ, ಅಂಗಳ ಸುಲಭವಲ್ಲ. ಸಗಣಿ ಸಾರಿಸಿದ ಅಂಗಳ ನೋಡಲು ಸಪಾಟು, ಆದರೆ ಮಳೆನೀರು ಇಳಿಯಲೆಂದು ಒಂದು ಕಡೆಗೆ ವಾಟ ಇಟ್ಟಿರುತ್ತಾರೆ. ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಪೈಪು ತಂದು ಇಳಿಜಾರು ಅಳೆದೆವು. ದಿಕ್ಕಿಗೆ ದಿಕ್ಸೂಚಿ ನಂಬಲಿಲ್ಲ, ಪಕ್ಕದಲ್ಲೇ ಕಬ್ಬಿಣದ ಗೇಟು. ನಡು ಮಧ್ಯಾಹ್ನ ಸೂರ್ಯ ನೆತ್ತಿ ದಾಟುವಾಗ ಅದೇ ಕಂಬದ ನೆರಳು ನೆಟ್ಟಗೆ ಉತ್ತರಕ್ಕೆ ಬೀಳುತ್ತದೆ. ಆ ಗೆರೆಗೆ ಸುಣ್ಣ ಎಳೆದೆವು. ಆಮೇಲೆ ವಿಡಿಯೋ ನಿಲ್ಲಿಸಿ, ಅತಿ ಹೆಚ್ಚು ಬೆಳಗಿದ ಕ್ಷಣದಲ್ಲಿ ನೆರಳಿನ ತುದಿ ಎಲ್ಲಿತ್ತೋ ಅಲ್ಲಿ ಭಾವ ಒಂದು ಅಡಿಕೆ ಇಟ್ಟರು. ನಾನು ಸ್ಕ್ರೀನ್ ನೋಡುತ್ತಾ "ಚೂರು ಆಚೆ, ಚೂರು ಈಚೆ" ಅನ್ನುತ್ತಿದ್ದೆ. ಒಂದೂವರೆ ಮೀಟರ್ ಕಂಬಕ್ಕೆ 5.3 ಮೀಟರ್ ನೆರಳು. ಅಂದರೆ ಬೆಳಕು ದಿಗಂತದಿಂದ ಸುಮಾರು 16 ಡಿಗ್ರಿ ಮೇಲಿತ್ತು. ದಿಕ್ಕು ನೇರ ಪಶ್ಚಿಮಕ್ಕಿಂತ 4 ಡಿಗ್ರಿ ದಕ್ಷಿಣಕ್ಕೆ.

ಎರಡನೇ ಕ್ಯಾಮೆರಾ ಕಾರವಾರದ ಕೋಡಿಬಾಗದಲ್ಲಿ ಒಬ್ಬ ಬೋಟ್ ಮಾಲೀಕರ ಮನೆಯದು. ಬಲೆ ಒಣಗಿಸುವ ಕಂಬ 2.4 ಮೀಟರ್, ನೆರಳು 3.2 ಮೀಟರ್. ಬೆಳಕು 37 ಡಿಗ್ರಿ ಮೇಲೆ, ನೈಋತ್ಯದಲ್ಲಿ. ಆ ಕ್ಯಾಮೆರಾಕ್ಕೆ ಮೈಕು ಬೇರೆ ಇತ್ತು. ಬೆಳಕಾದ 160 ಸೆಕೆಂಡಿಗೆ ಸದ್ದು ದಾಖಲಾಗಿದೆ. ಶಬ್ದ ಆ ಎತ್ತರದಿಂದ ಇಳಿದು ಬರುವಾಗ ಸೆಕೆಂಡಿಗೆ ಸರಾಸರಿ 310 ಮೀಟರ್ ಓಡುತ್ತದೆ ಎಂದರೆ 50 ಕಿ.ಮೀ. ಆಯಿತು.

ಕಾರವಾರ ಮತ್ತು ಶಿರಸಿ ನಡುವೆ ನೇರ ಗೆರೆಯಲ್ಲಿ ಸುಮಾರು 80 ಕಿ.ಮೀ. ಎರಡೂ ಕಡೆಯಿಂದ ಗೆರೆ ಎಳೆದರೆ ಕಾರವಾರದಿಂದ 40 ಕಿ.ಮೀ. ನೈಋತ್ಯಕ್ಕೆ, ಸಮುದ್ರದ ಮೇಲೆ, 30 ಕಿ.ಮೀ. ಎತ್ತರದಲ್ಲಿ ಅವು ಕೂಡಿದವು. 40 ಮತ್ತು 30ರ ಕರ್ಣ 50. ಸದ್ದಿನ ಲೆಕ್ಕವೂ ಅದನ್ನೇ ಹೇಳಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ದೇವಗಡದ ಹಿಂದೆ ಅಲ್ಲ, ಬೇಲೆಕೇರಿಯ ಎದುರಿಗೂ ಅಲ್ಲ. ಶಿರಸಿಗೆ 100 ಕಿ.ಮೀ.ಗಿಂತ ದೂರ, ಹಾಗಾಗಿ ಅಲ್ಲಿ ಸದ್ದು ಕೇಳಿಸದೇ ಇದ್ದದ್ದೂ ಸರಿಯೇ.

ವೇಗಕ್ಕೆ ಬಂದರೆ, ಎರಡೂ ಅಂಗಳದ ನೆರಳು ತಿರುಗಿದ್ದನ್ನು ಜೋಡಿಸಿದಾಗ ನಾಲ್ಕು ಸೆಕೆಂಡಿನಲ್ಲಿ 60 ಕಿ.ಮೀ. ಸಿಕ್ಕಿತು. ಸೆಕೆಂಡಿಗೆ 15 ಕಿ.ಮೀ. ಇದು ದೊಡ್ಡ ಸುಳಿವು. ಭೂಮಿ ಸುತ್ತಿ ಬಿದ್ದ ರಾಕೆಟ್ ಚೂರಾದರೆ ವೇಗ ಸೆಕೆಂಡಿಗೆ 8 ಕಿ.ಮೀ. ಒಳಗೇ ಇರುತ್ತದೆ, ಮತ್ತು ಅದು ನಿಧಾನಕ್ಕೆ, ಚೂರು ಚೂರಾಗಿ, ನಿಮಿಷಗಟ್ಟಲೆ ಸಾಗುತ್ತದೆ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದವರು ಕಂಡದ್ದು ಅಂಥದ್ದು. ಚೀನಾದ ಲಾಂಗ್ ಮಾರ್ಚ್ ರಾಕೆಟಿನ ಭಾಗ ಎಂದು ಆಮೇಲೆ ತಿಳಿಯಿತು. ಚಂದ್ರಪುರ ಜಿಲ್ಲೆಯ ಹಳ್ಳಿಯಲ್ಲಿ ಲೋಹದ ದೊಡ್ಡ ಬಳೆಯೇ ಸಿಕ್ಕಿತ್ತು. ಉಲ್ಕೆಗಳು ಸೆಕೆಂಡಿಗೆ 11 ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ ಬರುವುದೇ ಇಲ್ಲ. ಆ ತಾಯಿಗೆ ಫೋನ್ ಮಾಡಿ ಹೇಳಿದೆ, ಅದು ಉಲ್ಕೆಯೇ, ಈಗ ಲೆಕ್ಕ ಇದೆ ಅಂತ.

ಗಡಿಯಾರ ಮಾಡಿದ ತಪ್ಪು

ಜಾಗ ಸಿಕ್ಕಿತು. ಹೊತ್ತು ಕೈಕೊಟ್ಟಿತು. ಕೋಡಿಬಾಗದ ರೆಕಾರ್ಡರ್ 7 ಗಂಟೆ 31 ನಿಮಿಷ ತೋರಿಸುತ್ತಿತ್ತು, ಶಿರಸಿಯದ್ದು 7 ಗಂಟೆ 18 ನಿಮಿಷ. ನಾನು ಕಾರವಾರದ್ದನ್ನೇ ನಂಬಿ ಒಂದು ವಾರ ತಪ್ಪು ಹೊತ್ತಿನ ಉಪಗ್ರಹ ಚಿತ್ರಗಳನ್ನು ತಡಕಾಡಿದ್ದೆ. ಕ್ಯಾಮೆರಾ ಹಾಕಿದವರು ಗಡಿಯಾರ ಸರಿ ಮಾಡಿಯೇ ಇರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಸರಿಪಡಿಸಿದ್ದು ಹೀಗೆ. ಫೋನಿನಲ್ಲಿ ಸೆಕೆಂಡು ಕಾಣುವ ಗಡಿಯಾರ ಹಾಕಿ ಕ್ಯಾಮೆರಾ ಮುಂದೆ ಹಿಡಿದೆವು. ರೆಕಾರ್ಡರಿನ ಹೊತ್ತಿಗೂ ಫೋನಿನ ಹೊತ್ತಿಗೂ ಎಷ್ಟು ವ್ಯತ್ಯಾಸ ಅಂತ ಬರೆದುಕೊಂಡೆವು. ಹತ್ತು ದಿನ ಬಿಟ್ಟು ಮತ್ತೆ ಹಿಡಿದೆವು. ದಿನಕ್ಕೆ ಎಷ್ಟು ಸೆಕೆಂಡು ಓಡುತ್ತದೆ ಅಂತ ಗೊತ್ತಾಯಿತು. ಹಿಂದಕ್ಕೆ ಲೆಕ್ಕ ಹಾಕಿದರೆ ಘಟನೆಯ ದಿನ ಕಾರವಾರದ್ದು 8 ನಿಮಿಷ 14 ಸೆಕೆಂಡು ಮುಂದೆ, ಶಿರಸಿಯದ್ದು 5 ನಿಮಿಷ 22 ಸೆಕೆಂಡು ಹಿಂದೆ. ಎರಡನ್ನೂ ತಿದ್ದಿದರೆ ಸಿಕ್ಕಿದ್ದು 7 ಗಂಟೆ 23 ನಿಮಿಷ 26 ಸೆಕೆಂಡು ಮತ್ತು 27 ಸೆಕೆಂಡು. ಒಂದು ಸೆಕೆಂಡು ಅಂತರ. ಅಕ್ಕ ನನಗೆ ಕಳಿಸಿದ "ನೋಡಿದ್ಯಾ?" ಎಂಬ ಮೆಸೇಜು 7:24ರದ್ದು. ನಮ್ಮ 7 ಗಂಟೆ 23 ನಿಮಿಷ ಅಂದರೆ ಉಪಗ್ರಹದ ದಾಖಲೆಗಳು ಬಳಸುವ ವಿಶ್ವ ಸಮಯದಲ್ಲಿ (ಗ್ರೀನಿಚ್ ಹೊತ್ತು) 13 ಗಂಟೆ 53 ನಿಮಿಷ.

ನನ್ನ ಕೇಳಿದರೆ ಈ ಇಡೀ ಪ್ರಕರಣದಲ್ಲಿ ಮುಖ್ಯವಾದ ಕೆಲಸ ಇದೇ. ಆಕಾಶದ ದಾಖಲೆ ಹೊತ್ತಿನ ಮೇಲೆ ನಿಂತಿದೆ. ಹೊತ್ತು ಇಲ್ಲದ ಸಾಕ್ಷಿಯನ್ನು ಯಾವ ಉಪಗ್ರಹದ ಜೊತೆಗೂ ಹೊಂದಿಸಲು ಆಗುವುದಿಲ್ಲ.

ಮೇಲಿನ ಕಣ್ಣುಗಳು ಯಾಕೆ ನೋಡಲಿಲ್ಲ

ನಮ್ಮ ಇನ್ಸಾಟ್-3ಡಿಆರ್ ಉಪಗ್ರಹ ನಿಂತಿರುವುದು ಪೂರ್ವ ರೇಖಾಂಶ 74 ಡಿಗ್ರಿಯಲ್ಲಿ. ಕಾರವಾರದ ರೇಖಾಂಶ 74.1. ಅಂದರೆ ಅದು ಹೆಚ್ಚುಕಡಿಮೆ ನಮ್ಮ ನೇರ ದಕ್ಷಿಣಕ್ಕೆ, ಸಮಭಾಜಕದ ಮೇಲೆ 36,000 ಕಿ.ಮೀ. ಎತ್ತರದಲ್ಲಿ ನಿಂತು ಈ ಕರಾವಳಿಯನ್ನೇ ನೋಡುತ್ತಿರುತ್ತದೆ. ಇದು ತಿಳಿದಾಗ ಬಹಳ ಆಸೆ ಹುಟ್ಟಿತ್ತು. ಆದರೆ ಅದು ಹವಾಮಾನದ ಕ್ಯಾಮೆರಾ. ಉತ್ತರದಿಂದ ದಕ್ಷಿಣಕ್ಕೆ ಸಾಲು ಸಾಲಾಗಿ ಗುಡಿಸಿದ ಹಾಗೆ ಚಿತ್ರ ತೆಗೆಯುತ್ತದೆ, ಒಂದು ಪೂರ್ತಿ ಚಿತ್ರಕ್ಕೆ 26 ನಿಮಿಷ. ನಮ್ಮ ಸಮುದ್ರದ ಸಾಲಿನ ಮೇಲೆ ಅದರ ಕಣ್ಣು ಹಾಯುವುದು ಕ್ಷಣಮಾತ್ರ, ನಮ್ಮ ಉಲ್ಕೆ ಉರಿದದ್ದು ನಾಲ್ಕು ಸೆಕೆಂಡು. ಎರಡೂ ಕೂಡಬೇಕಾದರೆ ಅದೃಷ್ಟ ಬೇಕು. 2008ರ ಅಕ್ಟೋಬರ್ 7ರಂದು ಸುಡಾನಿನ ಮರುಭೂಮಿಯ ಮೇಲೆ ಸಿಡಿದ 2008 ಟಿಸಿ3 ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಆ ಅದೃಷ್ಟ ಇತ್ತು. ಯುರೋಪಿನ ಹವಾಮಾನ ಉಪಗ್ರಹ ಮೀಟಿಯೋಸಾಟ್-8 ಅದರ ಉರಿಯನ್ನು ಅವಕೆಂಪು ಚಿತ್ರದಲ್ಲಿ ಹಿಡಿಯಿತು. ಆದರೆ ಅದು ನಾಲ್ಕು ಮೀಟರ್ ಬಂಡೆ.

ಹಗಲಾಗಿದ್ದರೆ ಹೊಗೆಯ ಗೆರೆಯಾದರೂ ಸಿಗಬಹುದಿತ್ತು. ಚೆಲ್ಯಾಬಿನ್ಸ್ಕಿನ ಹೊಗೆಯನ್ನು ಮೀಟಿಯೋಸಾಟ್-10 ಕಂಡಿತ್ತು. ನಮ್ಮದು ಸೂರ್ಯ ಮುಳುಗಿ ಒಂದು ಗಂಟೆಯ ಮೇಲೆ. 30 ಕಿ.ಮೀ. ಎತ್ತರಕ್ಕೂ ಬಿಸಿಲು ಇರಲಿಲ್ಲ. ಇನ್ಸಾಟ್ ಚಿತ್ರದಲ್ಲಿ ಆ ಜಾಗದಲ್ಲಿ ನನಗೆ ಕಂಡದ್ದು ತಿಳಿಯಾದ ಸಮುದ್ರ ಮಾತ್ರ.

ಉಲ್ಕೆ ಹಿಡಿಯಲು ಹೇಳಿ ಮಾಡಿಸಿದ ಹಾಗಿರುವುದು ಮಿಂಚು ನೋಡುವ ಉಪಕರಣ. ಅಮೆರಿಕದ ಗೋಸ್-16 ಉಪಗ್ರಹ 2016ರ ನವೆಂಬರಿನಲ್ಲಿ ಹಾರಿದಾಗ ಅದರಲ್ಲಿ ಅಂಥದ್ದೊಂದು ಇತ್ತು. ಅದು ಗುಡಿಸುವುದಿಲ್ಲ, ರೆಪ್ಪೆ ಮಿಟುಕಿಸದೆ ನೋಡುತ್ತದೆ, ಸೆಕೆಂಡಿಗೆ 500 ಚಿತ್ರ. ನೋಡುವುದು ಒಂದೇ ಒಂದು ಬಣ್ಣ: 777.4 ನ್ಯಾನೋಮೀಟರಿನ ಕಡುಗೆಂಪು. ಮಿಂಚಿನ ಬಿಸಿಗೆ ಗಾಳಿಯ ಆಮ್ಲಜನಕ ಒಡೆದು ಅದೇ ಬಣ್ಣದಲ್ಲಿ ಹೊಳೆಯುತ್ತದೆ. ಅಷ್ಟು ಕಿರಿದಾದ ಕಿಟಕಿ ಇಟ್ಟಿದ್ದರಿಂದಲೇ ಹಗಲಿನಲ್ಲೂ ಮೋಡದ ಬಿಳುಪಿನ ನಡುವೆ ಮಿಂಚು ಬೇರೆಯಾಗಿ ಕಾಣುವುದು. ಉಲ್ಕೆ ಉರಿಯುವಾಗಲೂ ಆಮ್ಲಜನಕ ಹೊಳೆಯುತ್ತದೆ. ಜೊತೆಗೆ ಕಾದ ಕಲ್ಲಿನ ಬೆಳಕು ಎಲ್ಲ ಬಣ್ಣದಲ್ಲೂ ಇರುತ್ತದೆ, ಈ ಕಿಟಕಿಯಲ್ಲೂ ಅದರ ಪಾಲು ಬೀಳುತ್ತದೆ. ಮಿಂಚು ಪಟಪಟ ಅಂತ ಹೊಡೆದು ಮೋಡದಲ್ಲಿ ಹರಡಿಕೊಂಡರೆ ಉಲ್ಕೆ ಸಾವಕಾಶ ಏರಿ, ಇಳಿದು, ನೇರ ಗೆರೆಯಲ್ಲಿ ಸಾಗುತ್ತದೆ. ಈ ಗುರುತು ಹಿಡಿದು ನಾಸಾದ ಏಮ್ಸ್ ಸಂಶೋಧನಾ ಕೇಂದ್ರದವರು ಕಂಪ್ಯೂಟರಿನಲ್ಲೇ ಉಲ್ಕೆಗಳನ್ನು ಆರಿಸಿ ಪಟ್ಟಿ ಮಾಡುತ್ತಾರೆ. ಎರಡು ಉಪಗ್ರಹ ಒಂದೇ ಉಲ್ಕೆಯನ್ನು ಕಂಡರೆ ಎತ್ತರವೂ ಸಿಗುತ್ತದೆ. ನಾವು ಎರಡು ಅಂಗಳದಿಂದ ಮಾಡಿದ್ದೇ ಅದು.

ಆದರೆ ಆ ಕಣ್ಣುಗಳು ನೋಡುವುದು ಅಮೆರಿಕ ಖಂಡಗಳನ್ನು, ಅಕ್ಕಪಕ್ಕದ ಸಾಗರಗಳನ್ನು. ಪೂರ್ವದ ಗೋಸ್ ನಿಂತಿರುವುದು ಪಶ್ಚಿಮ ರೇಖಾಂಶ 75ರ ಬಳಿ, ನಮ್ಮಿಂದ ಭೂಮಿಯ ಆ ಬದಿಗೆ. ಯುರೋಪು 2022ರ ಡಿಸೆಂಬರಿನಲ್ಲಿ ಹಾರಿಸಿದ ಹೊಸ ಮೀಟಿಯೋಸಾಟಿನಲ್ಲೂ ಮಿಂಚಿನ ಕಣ್ಣಿದೆ, ಅದರ ನೋಟ ಯುರೋಪು, ಆಫ್ರಿಕಾದ ಮೇಲೆ. ಚೀನಾದ ಫೆಂಗ್‌ಯುನ್-4ಎಯಲ್ಲಿದ್ದದ್ದು ಚೀನಾದ ಕಡೆಗೆ. ಕಾರವಾರದ ಸಮುದ್ರ ಇವೆಲ್ಲದರ ಅಂಚಿನಿಂದ ಹೊರಗೆ ಉಳಿದಿದೆ. ಮುಂಗಾರಿಗೆ ಮೊದಲು ಸಿಡಿಲಿಗೆ ಎಷ್ಟು ಜನ ಸಾಯುತ್ತಾರೆ ನಮ್ಮಲ್ಲಿ. ಅಂಥದ್ದೊಂದು ಕಣ್ಣು ನಮ್ಮ ನೆತ್ತಿಯ ಮೇಲೂ ಬೇಕು ಅಂತ ನಾನು ಮನಸಾರೆ ಬಯಸುತ್ತೇನೆ. ಅದರ ಜೊತೆ ಉಲ್ಕೆಯೂ ಸಿಗುತ್ತದೆ.

ಎಷ್ಟು ದೊಡ್ಡದಿತ್ತು

ಇನ್ನು ಅಮೆರಿಕ ಸರ್ಕಾರದ ಪಟ್ಟಿ. ಅವರ ಉಪಗ್ರಹಗಳು ಇಡೀ ಭೂಮಿ ನೋಡುತ್ತವೆ. ಆದರೂ ನಮ್ಮದು ಅಲ್ಲಿ ಯಾಕಿಲ್ಲ? ಇದಕ್ಕೆ ಹೊಳಪು ತಿಳಿಯಬೇಕಿತ್ತು.

ಉಲ್ಕೆಯ ಹೊಳಪನ್ನು 100 ಕಿ.ಮೀ. ದೂರದಿಂದ ಕಂಡ ಹಾಗೆ ಲೆಕ್ಕ ಹಾಕುವುದು ರೂಢಿ. ಶಿರಸಿ ಅಂಗಳ ಸರಿಸುಮಾರು ಅಷ್ಟೇ ದೂರದಲ್ಲಿತ್ತು. ಹುಣ್ಣಿಮೆ ರಾತ್ರಿ ಅದೇ ಕ್ಯಾಮೆರಾದಲ್ಲಿ ಗೋಡೆ ಎಷ್ಟು ಬೆಳ್ಳಗೆ ಕಾಣುತ್ತದೆ ನೋಡಿದೆವು. ಆಮೇಲೆ ಕತ್ತಲ ರಾತ್ರಿ ಒಂಬತ್ತು ವಾಟಿನ ಎಲ್‌ಇಡಿ ಬಲ್ಬು ಹಿಡಿದು ಗೋಡೆಯಿಂದ ದೂರ ಹೋದೆವು. 20 ಮೀಟರ್ ದೂರದಲ್ಲಿ ಬಲ್ಬು ಹುಣ್ಣಿಮೆಗೆ ಸಮ ಆಯಿತು. ಉಲ್ಕೆಗೆ ಸಮ ಆಗಲು 11 ಮೀಟರಿಗೆ ಬರಬೇಕಾಯಿತು. ಕ್ಯಾಮೆರಾ ಹೊಂದಿಕೊಳ್ಳಲು ಪುರಸೊತ್ತು ಕೊಡಬಾರದು ಅಂತ ಬಲ್ಬನ್ನು ತಟ್ಟನೆ ಹಾಕಿ ತಟ್ಟನೆ ಆರಿಸಿದೆವು. ಪಕ್ಕದ ಮನೆಯವರು ಬಂದು ಏನಾಯಿತು ಅಂತ ಕೇಳಿ, ತಾವೂ ನಿಂತು ಟೇಪು ಹಿಡಿದರು. 20ನ್ನು 11ರಿಂದ ಭಾಗಿಸಿ ವರ್ಗ ಮಾಡಿದರೆ ಮೂರು ಪಟ್ಟು ಚಿಲ್ಲರೆ. ದಿಗಂತದ ಹತ್ತಿರದ ಮಸುಕನ್ನೂ ಸೇರಿಸಿದರೆ ಹುಣ್ಣಿಮೆ ಚಂದ್ರನ ಮೂರರಿಂದ ಐದು ಪಟ್ಟು. ಖಗೋಳದವರು ಹೊಳಪು ಅಳೆಯುವ ಲೆಕ್ಕದಲ್ಲಿ (ಸಂಖ್ಯೆ ಕೆಳಗಿಳಿದಷ್ಟೂ ಹೊಳಪು ಜಾಸ್ತಿ) ಮೈನಸ್ 14ರ ಆಸುಪಾಸು. ಗೋಸಿನ ಮಿಂಚಿನ ಕಣ್ಣಿಗೆ ಉಲ್ಕೆ ಸಿಗಲು ಶುರುವಾಗುವುದೂ ಹೆಚ್ಚುಕಡಿಮೆ ಅಲ್ಲಿಂದಲೇ.

ಆ ಹೊಳಪಿಗೆ, ಆ ವೇಗಕ್ಕೆ ಕಲ್ಲು ಎಷ್ಟಿರಬೇಕು? ಒಂದಡಿಗಿಂತ ಸ್ವಲ್ಪ ಜಾಸ್ತಿ ಅಗಲ, ಒಂದು ಕ್ವಿಂಟಲ್ ಸುಮಾರು ತೂಕ. ಅಡಿಕೆಯ ಲೆಕ್ಕದಲ್ಲಿ ಹೇಳಿದರೆ ಭಾವನಿಗೆ ತಟ್ಟನೆ ಅರ್ಥವಾಯಿತು. ಶಕ್ತಿ ಮೂರು ಟನ್ ಟಿಎನ್‌ಟಿಯ ಆಸುಪಾಸು, ಎರಡು ಪಟ್ಟು ಆಚೀಚೆ ಆದರೂ ಆದೀತು. ಆ ಪಟ್ಟಿಯಲ್ಲಿ ಕಾಣುವ ತೀರಾ ಚಿಕ್ಕವು 73 ಟನ್ ಹತ್ತಿರದವು, ಅಂದರೆ ಮೀಟರ್ ಅಗಲದ ಬಂಡೆಗಳು. ನಮ್ಮದು ಅದರ ಇಪ್ಪತ್ತರಲ್ಲಿ ಒಂದು ಪಾಲು. ಇಡೀ ಕರಾವಳಿಯನ್ನು ಬೆಚ್ಚಿಬೀಳಿಸಿದ ಬೆಳಕು ಆ ಪಟ್ಟಿಯ ಹೊಸ್ತಿಲನ್ನೂ ಮುಟ್ಟಿರಲಿಲ್ಲ.

ಬೆಚ್ಚಿಬೀಳುವುದು ನಮ್ಮೊಬ್ಬರ ಪಾಡಲ್ಲ. 2002ರ ಜೂನ್ 6ರಂದು ಮೆಡಿಟರೇನಿಯನ್ ಸಮುದ್ರದ ಮೇಲೆ ದೊಡ್ಡ ಉಲ್ಕೆ ಸಿಡಿಯಿತು. ಆಗ ಭಾರತ, ಪಾಕಿಸ್ತಾನದ ಸೈನ್ಯಗಳು ಗಡಿಯಲ್ಲಿ ಎದುರುಬದುರು ನಿಂತಿದ್ದವು. ಅದೇ ಉಲ್ಕೆ ಕೆಲವು ಗಂಟೆ ಮೊದಲು ಬಂದು ಈ ಗಡಿಯ ಮೇಲೆ ಸಿಡಿದಿದ್ದರೆ ಅಣುದಾಳಿ ಎಂದು ತಪ್ಪು ತಿಳಿಯುವ ಅಪಾಯವಿತ್ತು ಎಂದು ಅಮೆರಿಕದ ವಾಯುಪಡೆಯ ಬ್ರಿಗೇಡಿಯರ್ ಜನರಲ್ ಸೈಮನ್ ವರ್ಡನ್ ಆಮೇಲೆ ಎಚ್ಚರಿಸಿದ್ದರು. "ನಿಮಗೆ ಹೇಗೆ ಗೊತ್ತು?" ಎಂಬ ಆ ತಾಯಿಯ ಪ್ರಶ್ನೆ ದೇಶಗಳಿಗೂ ಬರುವ ಪ್ರಶ್ನೆ.

ಚೂರು ಉಳಿದಿದ್ದರೆ ಸಮುದ್ರದ ತಳದಲ್ಲಿದೆ. ನೆಲಕ್ಕೆ ಬಿದ್ದಿದ್ದರೆ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಕೊಡಬೇಕಿತ್ತು, ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಕಾಪಾಡುವುದು ಅವರ ಹೊಣೆ. ನಮ್ಮ ಕರಾವಳಿಗೆ ಕಲ್ಲು ಬಿದ್ದದ್ದೂ ಉಂಟು. 1866ರಲ್ಲಿ ಬಿದ್ದದ್ದೊಂದು "ಉಡಿಪಿ" ಎಂಬ ಹೆಸರಿನಲ್ಲೇ ಲೋಕದ ಉಲ್ಕಾಶಿಲೆಗಳ ಪಟ್ಟಿಯಲ್ಲಿದೆ.

ಅಂತರರಾಷ್ಟ್ರೀಯ ಉಲ್ಕಾ ಸಂಘಟನೆಯ ವರದಿ ನಮೂನೆ ತುಂಬಿ ಎರಡೂ ವಿಡಿಯೋ ಕಳಿಸಿದ್ದೇನೆ. ಕೋಡಿಬಾಗದ ರೆಕಾರ್ಡರನ್ನು ಇಂಟರ್‌ನೆಟ್ ಸಮಯಕ್ಕೆ ಜೋಡಿಸಿ ಬಂದೆ, ಅದು ಇನ್ನು ತನ್ನಷ್ಟಕ್ಕೆ ಸರಿಹೋಗುತ್ತದೆ. ಶಿರಸಿಯ ಮನೆಗೆ ನೆಟ್‌ವರ್ಕ್ ನಂಬುವ ಹಾಗಿಲ್ಲ. ಅಲ್ಲಿ ಭಾವ ಪ್ರತಿ ಭಾನುವಾರ ಬೆಳಿಗ್ಗೆ ಆಸರಿ ಕುಡಿದ ಮೇಲೆ ಅಂಗಳಕ್ಕೆ ಇಳಿದು, ಫೋನಿನ ಗಡಿಯಾರವನ್ನು ಕ್ಯಾಮೆರಾದ ಮುಂದೆ ಒಂದು ನಿಮಿಷ ಹಿಡಿದು ನಿಲ್ಲುತ್ತಾರೆ.